ದುರ್ಗದ ಗಣಪತಿ ಶೋಭಾಯಾತ್ರೆಗೆ ಮೊದಲ ಸಲ ಹೋಗುತ್ತಿದ್ದೇವೆ, ಎಲ್ಲಿ ನಿಲ್ಲಬೇಕು?

ಬಾಡಿಗೆಮನೆ_ಜೆಸಿಆರ್:

ಎಲ್ಲರಿಗೂ ನಮಸ್ಕಾರ. ನಾವು ಪುತ್ತೂರು ಕಡೆಯವರು. ಮನೆಯವರಿಗೆ ವರ್ಗ ಆಗಿ ಈ ಬೇಸಿಗೆಯಲ್ಲಿ ಚಿತ್ರದುರ್ಗಕ್ಕೆ ಬಂದಿದ್ದೇವೆ. ಜೆಸಿಆರ್ ಬಡಾವಣೆಯಲ್ಲಿ ಬಾಡಿಗೆ ಮನೆ. ಗಣೇಶ ಹಬ್ಬ ಹತ್ತಿರ ಬಂದ ಮೇಲಂತೂ ತರಕಾರಿ ಅಂಗಡಿಯವರಿಂದ ಹಿಡಿದು ಮಗಳ ಸ್ಕೂಲ್ ವ್ಯಾನ್ ಡ್ರೈವರ್ ತನಕ ಯಾರ ಜೊತೆ ಮಾತಾಡಿದರೂ ಮಾತು ಹೋಗಿ ನಿಲ್ಲುವುದು ಹಿಂದೂ ಮಹಾಗಣಪತಿ ಶೋಭಾಯಾತ್ರೆಯಲ್ಲೇ. ಮನೆ ಮಾಲೀಕರು "ಚಿಕ್ಕ ಮಕ್ಕಳನ್ನ ಕರ್ಕೊಂಡು ಆ ಕಡೆ ಹೋಗಲೇಬೇಡಿ" ಅನ್ನುತ್ತಾರೆ. ಎದುರು ಮನೆ ಆಂಟಿ "ದುರ್ಗದಲ್ಲಿ ಮನೆ ಮಾಡಿ ಅದನ್ನ ನೋಡಲ್ಲ ಅಂದ್ರೆ ಏನು ಬಂತು" ಅನ್ನುತ್ತಾರೆ. ಯಾರ ಮಾತು ಕೇಳೋದು?

ನಾನು ಮಂಗಳೂರಲ್ಲಿ ಓದುವಾಗ ಕುದ್ರೋಳಿ ದಸರಾ ಮೆರವಣಿಗೆ ನೋಡಿದ್ದೇನೆ, ಆದರೆ ಅದು ಗೆಳತಿ ಮನೆಯ ಬಾಲ್ಕನಿಯಲ್ಲಿ ಕೂತು, ಕೈಯಲ್ಲಿ ಚಹಾ ಹಿಡಿದುಕೊಂಡು. ಇಲ್ಲಿ ನಮಗೆ ಬಾಲ್ಕನಿ ಇರುವ ನೆಂಟರಿಲ್ಲ. ಮಗಳಿಗೆ ಎಂಟು ವರ್ಷ, ಮಗನಿಗೆ ನಾಲ್ಕು. ಅತ್ತೆಗೆ ಮಂಡಿನೋವು, ಹೆಚ್ಚು ಹೊತ್ತು ನಿಲ್ಲೋಕಾಗಲ್ಲ, ಆದರೆ ಗಣಪತಿ ಮುಖ ನೋಡಲೇಬೇಕು ಅಂತ ಹಟ. ಮೈದುನ ದಾವಣಗೆರೆಯಿಂದ ಕಾರಲ್ಲಿ ಬರುತ್ತೇನೆ ಅಂತಿದ್ದಾನೆ.

ಎಷ್ಟು ಹೊತ್ತಿಗೆ ಹೊರಡಬೇಕು? ಎಲ್ಲಿ ನಿಂತರೆ ಚೆನ್ನಾಗಿ ಕಾಣುತ್ತದೆ? ಡಿಜೆ ಸೌಂಡ್ ಮಕ್ಕಳಿಗೆ ತಡೆಯುತ್ತದಾ? ಹೆಂಗಸರು ನಿಲ್ಲುವಂಥ ಜಾಗ ಇದೆಯಾ? ಊಟ, ಬಾತ್‌ರೂಮ್ ಇವೆಲ್ಲ ಹೇಗೆ? ರಾಜಕೀಯ ಚರ್ಚೆ ದಯವಿಟ್ಟು ಬೇಡ. ಒಂದು ಸಂಸಾರ ಹೋಗಿ ನೋಡಿಕೊಂಡು ಸುಖವಾಗಿ ವಾಪಸ್ ಬರೋದು ಹೇಗೆ ಅಂತ ಅಷ್ಟೇ ಹೇಳಿ.

ಕಾಮನಬಾವಿ_ಕಡೆಯವ:

ಮೇಡಂ, ನಿಮ್ಮ ಓನರೂ ಸರಿ, ಎದುರು ಮನೆ ಆಂಟಿನೂ ಸರಿ. ಇಬ್ಬರೂ ಬೇರೆ ಬೇರೆ ಹೊತ್ತಿನ ಮೆರವಣಿಗೆ ಬಗ್ಗೆ ಮಾತಾಡುತ್ತಿದ್ದಾರೆ ಅಷ್ಟೇ.

ಮೊದಲು ಒಂದು ವಿಷಯ. ಗಣಪತಿ ದರ್ಶನ ಬೇರೆ, ಮೆರವಣಿಗೆ ನೋಡೋದು ಬೇರೆ. ಎರಡನ್ನೂ ಒಂದೇ ದಿನ ಮುಗಿಸುತ್ತೇವೆ ಅಂತ ಹೊರಟವರೇ ಸುಸ್ತಾಗಿ, ಮಕ್ಕಳಿಗೆ ಬೈಯುತ್ತಾ ವಾಪಸ್ ಬರೋದು. ಗಣಪತಿ ಹಬ್ಬದ ದಿನ ಕೂತರೆ ಎದ್ದು ಹೊರಡೋದು ಎರಡು ಮೂರು ವಾರ ಆದ ಮೇಲೆ. 2025ರಲ್ಲಿ ಆಗಸ್ಟ್ 27ಕ್ಕೆ ಹಬ್ಬ, ಶೋಭಾಯಾತ್ರೆ ಸೆಪ್ಟೆಂಬರ್ 13ರ ಶನಿವಾರ. 2024ರಲ್ಲಿ ಸೆಪ್ಟೆಂಬರ್ 7ಕ್ಕೆ ಹಬ್ಬ, ಯಾತ್ರೆ 28ಕ್ಕೆ, ಅದೂ ಶನಿವಾರವೇ. ಮಧ್ಯದಲ್ಲಿ ಅಷ್ಟು ದಿನ ಗಣಪತಿ ಪೆಂಡಾಲ್‌ನಲ್ಲೇ ಇರುತ್ತದೆ. ಸೋಮವಾರ, ಮಂಗಳವಾರ ಹೀಗೆ ರಶ್ ಇಲ್ಲದ ದಿನ ಸಂಜೆ ಆಟೋ ಮಾಡಿಕೊಂಡು ಅತ್ತೆಯವರನ್ನ ಕರೆದುಕೊಂಡು ಹೋಗಿ. ಆರಾಮಾಗಿ ಮುಖ ನೋಡಲಿ, ಮಂಗಳಾರತಿ ತಗೊಳ್ಳಲಿ, ಕೂತು ಒಂದು ಭಜನೆ ಕೇಳಲಿ. ಯಾತ್ರೆ ದಿನ ವಾಹನದ ಮೇಲೆ ಕೂತ ಗಣಪತಿಯ ಮುಖ ನಿಮಗೆ ಕಾಣೋದು ಯಾರದೋ ಎತ್ತಿದ ಮೊಬೈಲ್ ಸಂದಿಯಲ್ಲಿ.

ಈಗ ಮೆರವಣಿಗೆ. ಹೊರಡೋದು ಬೆಳಗ್ಗೆ ಅಂತ ಹೇಳಿದರೂ ಪೂಜೆ, ಸ್ವಾಮೀಜಿಗಳು, ಭಾಷಣ ಅಂತ ಮುಗಿದು ನಿಜವಾಗಿ ಚಕ್ರ ಉರುಳುವಾಗ ಮಧ್ಯಾಹ್ನ ಹತ್ತಿರ ಬಂದಿರುತ್ತದೆ. ಬಿ.ಡಿ. ರಸ್ತೆ ಹಿಡಿದು, ಗಾಂಧಿ ವೃತ್ತದ ಕಡೆ ಬಂದು, ಆಮೇಲೆ ಹೊಳಲ್ಕೆರೆ ರಸ್ತೆ ಕಡೆಯಿಂದ ಚಂದ್ರವಳ್ಳಿಗೆ. ನಡೆದರೆ ಒಂದು ಗಂಟೆ ದಾರಿ. ಮೆರವಣಿಗೆಗೆ ಅದು ರಾತ್ರಿವರೆಗೆ. ಕೆಲವೊಮ್ಮೆ ತುಂಬಾ ತಡರಾತ್ರಿವರೆಗೆ. ದಾರಿಯಲ್ಲಿ ಸಣ್ಣ ಬದಲಾವಣೆ ಆಗಬಹುದು, ಪೊಲೀಸರು ಹಿಂದಿನ ದಿನ ಮಾರ್ಗ ಮತ್ತು ವಾಹನ ಬದಲಿ ದಾರಿ ಪ್ರಕಟಿಸುತ್ತಾರೆ, ಸ್ಥಳೀಯ ಪೇಪರ್ ನೋಡಿ.

ಹೊಸಬರು ಎಡವೋದು ಎಲ್ಲಿ ಅಂದ್ರೆ, ಎಲ್ಲರೂ ಗಾಂಧಿ ಸರ್ಕಲ್‌ಗೆ ಹೋಗಿ ನಿಲ್ಲುತ್ತಾರೆ. ಫೋಟೋದಲ್ಲಿ ಕಾಣೋದು ಅದೇ ಅಲ್ವಾ, ತಲೆಗಳ ಸಮುದ್ರ, ಕೇಸರಿ ಬಾವುಟ. ಆ ಫೋಟೋ ಮೇಲಿನಿಂದ ತೆಗೆದದ್ದು. ಕೆಳಗೆ ನಿಂತವನಿಗೆ ಕಾಣೋದು ಮುಂದಿನವನ ಕಾಲರ್. 2011ರ ಜನಗಣತಿಯಲ್ಲಿ ಈ ಊರಿನ ಜನಸಂಖ್ಯೆ ಒಂದೂವರೆ ಲಕ್ಷವೂ ಇರಲಿಲ್ಲ. ಆ ದಿನ ಚಳ್ಳಕೆರೆ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ದಾವಣಗೆರೆ ಎಲ್ಲ ಕಡೆಯಿಂದ ಲಕ್ಷಗಟ್ಟಲೆ ಜನ ಬಂದು ಸೇರುತ್ತಾರೆ. ರಸ್ತೆ ಮಾತ್ರ ಅದೇ ಅಗಲ.

ಆದ್ದರಿಂದ ಮಕ್ಕಳ ಜೊತೆ ಹೋಗೋರು ಮೆರವಣಿಗೆಯ ತಲೆ ಹಿಡಿಯಿರಿ, ಬಾಲ ಬಿಟ್ಟುಬಿಡಿ. ಬೆಳಗ್ಗೆ ಹತ್ತೂವರೆ ಹನ್ನೊಂದಕ್ಕೇ ಬಿ.ಡಿ. ರಸ್ತೆಯಲ್ಲಿ, ಹೊರಡುವ ಜಾಗಕ್ಕೆ ಹತ್ತಿರ, ಅಗಲ ಇರುವ ಕಡೆ ನಿಲ್ಲಿ. ಕಲಾತಂಡಗಳು ಮುಂದೆ ಹೋಗುತ್ತವೆ. ಡೊಳ್ಳು, ವೀರಗಾಸೆ, ನಂದಿಕೋಲು, ಕೀಲುಕುದುರೆ, ಗಾರುಡಿ ಗೊಂಬೆ, ತಮಟೆ, ಒಂದೊಂದು ವರ್ಷ ಕೇರಳದ ಚೆಂಡೆಯವರು, ನಾಸಿಕ್ ಡೋಲಿನವರು. ಆ ಹೊತ್ತಿಗೆ ಅವರಿಗೂ ಜೀವ ಇರುತ್ತದೆ, ಮೈಮೇಲಿನ ಬಣ್ಣ ಕರಗಿರಲ್ಲ, ಕುಣಿಯೋಕೆ ಜಾಗವೂ ಇರುತ್ತದೆ. ವೀರಗಾಸೆಯವರು ನಿಂತು "ಅಹಹಾ ರುದ್ರಾ, ಅಹಹಾ ದೇವಾ" ಅಂತ ಒಡಪು ಹೇಳೋದು ಸರಿಯಾಗಿ ಕಿವಿಗೆ ಬೀಳೋದು ಅಲ್ಲಿ ಮಾತ್ರ. ಮಧ್ಯಾಹ್ನ ಎರಡು ಎರಡೂವರೆಗೆ ಮಕ್ಕಳನ್ನ ಮನೆಗೆ ಕರೆದುಕೊಂಡು ಬಂದುಬಿಡಿ. ನಿಮ್ಮ ಮನೆಯವರು, ಮೈದುನ ಬೇಕಿದ್ದರೆ ಸಂಜೆ ಮತ್ತೆ ಹೋಗಲಿ. ಓನರ್ ಹೆದರಿಸಿದ್ದು ಆ ಸಂಜೆ ಮೆರವಣಿಗೆ ಬಗ್ಗೆ. ಆಂಟಿ ಹೊಗಳಿದ್ದು ಬಹುಶಃ ಬೆಳಗಿನದು.

ಡೋಲು_ತಮಟೆ:

ಮೇಲಿನವರು ಹೇಳಿದ್ದು ನೂರಕ್ಕೆ ನೂರು. ಒಂದು ಸೇರಿಸುತ್ತೇನೆ. ಉರುಮೆ ಬಂದಿದ್ದರೆ ಅದನ್ನ ಬಿಡಬೇಡಿ. ನಿಮ್ಮ ಕರಾವಳಿ ಕಡೆ ಈ ವಾದ್ಯ ನೋಡಿರಲ್ಲ. ಎರಡು ಮುಖದ ವಾದ್ಯ, ಕೊರಳಿಗೆ ಹಾಕಿಕೊಂಡಿರುತ್ತಾರೆ. ಒಂದು ಕಡೆ ಕೋಲಲ್ಲಿ ಬಡಿಯುತ್ತಾರೆ, ಇನ್ನೊಂದು ಕಡೆ ಬಾಗಿದ ಕೋಲನ್ನ ಚರ್ಮಕ್ಕೆ ಒತ್ತಿ ಉಜ್ಜುತ್ತಾರೆ. ಆಗ ಹೊಟ್ಟೆಯೊಳಗಿನಿಂದ ಬಂದ ಹಾಗೆ ಒಂದು ಗುಟುರು ಬರುತ್ತದೆ. ನಮ್ಮ ಜಿಲ್ಲೆಯ ಹಟ್ಟಿಗಳಲ್ಲಿ ದೇವರು ಹೊರಡಬೇಕು ಅಂದರೆ ಉರುಮೆ ಬೇಕೇ ಬೇಕು. ದೇವರೆತ್ತು ಮುಂದೆ, ಉರುಮೆ ಹಿಂದೆ.

ಆದರೆ ಈಗೀಗ ಏನಾಗಿದೆ ಅಂದರೆ, ನಾಲ್ಕು ಜನ ಉರುಮೆಯವರು ಮೈ ಬೆವರಿಳಿಸಿ ಬಾರಿಸುತ್ತಿರುತ್ತಾರೆ, ಹಿಂದಿನ ಲಾರಿಯಲ್ಲಿ ಆಳೆತ್ತರದ ಬಾಕ್ಸ್‌ಗಳು ಒಂದೇ ಏಟಿಗೆ ಅದನ್ನೆಲ್ಲ ನುಂಗಿಬಿಡುತ್ತವೆ. ಹಳ್ಳಿಯಿಂದ ಬಸ್ಸಲ್ಲಿ ವಾದ್ಯ ಹೊತ್ತು ಬಂದವರು ಅವರು. ಡಿಜೆ ಇರಬೇಕೋ ಬೇಡವೋ ಅಂತ ಪ್ರತಿ ವರ್ಷ ಜಗಳ. ನನ್ನ ಪ್ರಕಾರ ಬೇಡ. ಇದ್ದರೂ ಕಲಾತಂಡಕ್ಕೂ ಡಿಜೆಗೂ ಮಧ್ಯೆ ಒಂದು ಫರ್ಲಾಂಗ್ ಆದರೂ ಬಿಡಬೇಕು.

ಕ್ಯಾಪ್ಟನ್_ಮೆದೇಹಳ್ಳಿ:

ಸಾರ್, ಡಿಜೆ ಬೇಡ ಅಂತ ಹೇಳೋದು ಸುಲಭ. ನಮ್ಮ ಹುಡುಗರು ವರ್ಷಪೂರ್ತಿ ಗ್ಯಾರೇಜು, ಗಾರೆ ಕೆಲಸ ಅಂತ ದುಡೀತಾರೆ. ಒಂದು ದಿನ ರೋಡಲ್ಲಿ ಕುಣಿಯೋಕೂ ಬಿಡಲ್ಲ ಅಂದ್ರೆ ಹೇಗೆ? ಉರುಮೆಗೆ ನಾವೂ ಕುಣಿಯುತ್ತೇವೆ. ಆದರೆ ಅಷ್ಟು ಜನಕ್ಕೆ ಉರುಮೆ ಕೇಳಿಸಬೇಕಲ್ಲ? ಇಪ್ಪತ್ತು ಅಡಿ ದಾಟಿದರೆ ಕೇಳಲ್ಲ. ಮೇಡಂ, ನೀವು ಬನ್ನಿ, ಹೆಂಗಸರಿಗೆ ನಮ್ಮ ಹುಡುಗರೇ ಹಗ್ಗ ಹಿಡಿದು ಜಾಗ ಮಾಡಿಕೊಡುತ್ತಾರೆ.

ಡೋಲು_ತಮಟೆ:

ತಮ್ಮಾ, ಇಪ್ಪತ್ತು ಅಡಿ ದಾಟಿದರೆ ಕೇಳಲ್ಲ ಅಂತೀಯಲ್ಲ, ಒಂದ್ಸಲ ಹಟ್ಟಿ ಜಾತ್ರೆಗೆ ಬಾ. ರಾತ್ರಿ ಹೊತ್ತು ಪಕ್ಕದ ಊರಿಗೆ ಕೇಳುತ್ತದೆ. ಲಾರಿ ಆಫ್ ಮಾಡಿದರೆ ಇಲ್ಲೂ ಕೇಳುತ್ತದೆ. ಹುಡುಗರು ಕುಣಿಯಬಾರದು ಅಂತ ನಾನೆಲ್ಲಿ ಹೇಳಿದೆ? ಹೋಗಲಿ ಬಿಡು, ಮೇಡಂ ಕೇಳಿದ್ದು ಇದನ್ನಲ್ಲ.

ರಾತ್ರಿಪಾಳಿ_ಸಿಸ್ಟರ್:

ನಾನು ನರ್ಸ್. ಯಾತ್ರೆ ದಿನ ಡ್ಯೂಟಿ ಮಾಡಿದ ಅನುಭವದ ಮೇಲೆ ಹೇಳುತ್ತೇನೆ, ಹೆದರಿಸೋಕೆ ಅಲ್ಲ.

ಸೌಂಡ್ ವಿಷಯ ಮೊದಲು. ದೊಡ್ಡವರಿಗೆ 80 ಡೆಸಿಬಲ್ ಸದ್ದನ್ನ ವಾರಕ್ಕೆ 40 ಗಂಟೆ ಕೇಳಿದರೂ ತೊಂದರೆ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಕೊಟ್ಟಿದೆ. ಅದೇ 100 ಡೆಸಿಬಲ್ ಆದರೆ ಇಡೀ ವಾರಕ್ಕೆ 20 ನಿಮಿಷ ಮಾತ್ರ. ದೊಡ್ಡ ಸ್ಪೀಕರ್ ಪಕ್ಕ ನಿಂತರೆ 100 ದಾಟೋದು ಏನೂ ದೊಡ್ಡ ವಿಷಯ ಅಲ್ಲ. ಅಂದರೆ ಒಂದು ಲಾರಿ ನಿಮ್ಮ ಮುಂದೆ ನಿಂತು ಐದಾರು ಹಾಡು ಮುಗಿಸುವಷ್ಟರಲ್ಲಿ ವಾರದ ಕೋಟಾ ಖಾಲಿ. ಮಕ್ಕಳ ಕಿವಿಗೆ ಇನ್ನೂ ಹುಷಾರಾಗಿರಬೇಕು. ಹತ್ತಿ ತುರುಕಿದರೆ ಹೆಚ್ಚು ಪ್ರಯೋಜನ ಇಲ್ಲ. ಹೆಡ್‌ಫೋನ್ ಥರ ಇರುವ ಇಯರ್ ಮಫ್ ಸಿಗುತ್ತದೆ, ಆನ್‌ಲೈನ್‌ನಲ್ಲಿ ಮಕ್ಕಳ ಸೈಜಿನದೇ ತರಿಸಿಕೊಳ್ಳಿ. ಎಲ್ಲಕ್ಕಿಂತ ಒಳ್ಳೇದು ದೂರ. ಬಯಲಲ್ಲಿ ದೂರ ಎರಡರಷ್ಟಾದರೆ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಎರಡೂ ಕಡೆ ಕಟ್ಟಡ ಇರುವ ಇಕ್ಕಟ್ಟು ರಸ್ತೆಯಲ್ಲಿ ಅಷ್ಟು ಇಳಿಯಲ್ಲ, ಸದ್ದು ಗೋಡೆಗೆ ಬಡಿದು ವಾಪಸ್ ಬರುತ್ತದೆ. ಅದಕ್ಕೇ ಅಗಲ ರಸ್ತೆ ಒಳ್ಳೇದು, ಅಡ್ಡರಸ್ತೆಯ ಬಾಯಲ್ಲಿ ನಿಂತರೆ ಇನ್ನೂ ಒಳ್ಳೇದು. ಜೋರಾದರೆ ತಟ್ಟನೆ ಒಳಗೆ ಸರಿಯಬಹುದು.

ಕಾನೂನು ಕೇಳೋರಿಗೆ: 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ ಹರಿದಿನಕ್ಕೆ ಅಂತ ವರ್ಷಕ್ಕೆ ಹೆಚ್ಚೆಂದರೆ 15 ದಿನ ರಾತ್ರಿ 12ರ ತನಕ ಸರ್ಕಾರ ವಿನಾಯಿತಿ ಕೊಡಬಹುದು. ಆಸ್ಪತ್ರೆ, ಶಾಲೆ, ಕೋರ್ಟ್ ಸುತ್ತ 100 ಮೀಟರ್ ಒಳಗೆ ನಿಶ್ಶಬ್ದ ವಲಯ ಅಂತ ಇದೆ. ಅಲ್ಲಿ ಹಗಲಿಗೆ ಮಿತಿ 50 ಡೆಸಿಬಲ್. ನಾವಿಬ್ಬರು ಎದುರು ಬದುರು ಕೂತು ಸಾದಾ ಮಾತಾಡಿದರೂ ಅದಕ್ಕಿಂತ ಜಾಸ್ತಿ ಆಗುತ್ತದೆ. ಹಾಗಾಗಿ ಆಸ್ಪತ್ರೆ ಮುಂದೆ ಹಾದುಹೋಗುವಾಗ ಸೌಂಡ್ ನಿಲ್ಲಿಸಿ ಅಂತ ಕೇಳಿದರೆ ಕ್ಯಾಪ್ಟನ್ ಅವರಂಥವರು ಬೇಜಾರು ಮಾಡಿಕೊಳ್ಳಬಾರದು. ಒಳಗೆ ಆಪರೇಷನ್ ಆದವರು ಮಲಗಿರುತ್ತಾರೆ.

ಇನ್ನು ಬಣ್ಣ, ಪೇಪರ್ ಬ್ಲಾಸ್ಟ್. ಮಕ್ಕಳ ಕಣ್ಣಿಗೆ ಪುಡಿ ಬಿದ್ದರೆ ಉಜ್ಜೋಕೆ ಬಿಡಬೇಡಿ. ಕುಡಿಯುವ ನೀರಿನ ಬಾಟಲಿಯಿಂದ ನಿಧಾನವಾಗಿ ಸುರಿದು ತೊಳೆಯಿರಿ. ನಾಲ್ಕು ವರ್ಷದ ಮಗನ ಜೇಬಲ್ಲಿ ನಿಮ್ಮಿಬ್ಬರ ಫೋನ್ ನಂಬರ್ ಬರೆದ ಚೀಟಿ ಇಡಿ, ಬೆವರಿಗೆ ಅಳಿಸದ ಹಾಗೆ ಪ್ಲಾಸ್ಟಿಕ್ ಒಳಗೆ ಹಾಕಿ. ಹೆಸರನ್ನ ಅಂಗಿಯ ಹೊರಗೆ ದೊಡ್ಡದಾಗಿ ಬರೆಯಬೇಡಿ. ಗೊತ್ತಿಲ್ಲದವರು ಹೆಸರು ಹಿಡಿದು ಕರೆದರೂ ಮಗು ಹೋಗಿಬಿಡುತ್ತದೆ. ಆ ದಿನ ಬೆಳಗ್ಗೆ ಮಕ್ಕಳ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಯಾವ ಬಟ್ಟೆ ಹಾಕಿದ್ದ ಅಂತ ಪೊಲೀಸರು ಕೇಳಿದಾಗ ಗಾಬರಿಯಲ್ಲಿ ತಾಯಂದಿರಿಗೆ ನೆನಪೇ ಬರಲ್ಲ. ತುರ್ತಿಗೆ 112, ಆಂಬುಲೆನ್ಸ್‌ಗೆ 108, ಮಕ್ಕಳ ಸಹಾಯವಾಣಿ 1098. ಆದರೆ ಜನ ಸೇರಿದ ಮೇಲೆ ನೆಟ್‌ವರ್ಕ್ ಕೈಕೊಡುತ್ತದೆ. ತಪ್ಪಿಸಿಕೊಂಡರೆ ಎಲ್ಲಿ ಸೇರಬೇಕು ಅಂತ ಮನೆಯಲ್ಲೇ ಮಾತಾಡಿಕೊಂಡು ಹೊರಡಿ. "ಸರ್ಕಲ್ ಹತ್ರ" ಅಂತ ಹೇಳಿಕೊಳ್ಳಬೇಡಿ, ಅಲ್ಲಿ ಸಾವಿರ ಜನ ಇರುತ್ತಾರೆ. ಯಾವುದಾದರೂ ಅಡ್ಡರಸ್ತೆಯ ಮೆಡಿಕಲ್ ಶಾಪ್ ಗುರುತು ಮಾಡಿಕೊಳ್ಳಿ.

ಅತ್ತೆಯವರಿಗೆ ಬಿಪಿ, ಹಾರ್ಟ್ ಏನಾದರೂ ಇದ್ದರೆ ಯಾತ್ರೆ ದಿನ ಬೇಡವೇ ಬೇಡ. ಮೊದಲೇ ದರ್ಶನ ಮಾಡಿಸಿ.

ಬೆಣ್ಣೆದೋಸೆ_ದಾವಣಗೆರೆ:

ಮೈದುನನ ವಿಷಯಕ್ಕೆ ನಾನು ಉತ್ತರ ಕೊಡುತ್ತೇನೆ, ನಾನೂ ದಾವಣಗೆರೆಯವನೇ. ಅಲ್ಲಿಂದ ದುರ್ಗ 60 ಕಿಲೋಮೀಟರ್ ಆಸುಪಾಸು, ಹೈವೇ 48ರಲ್ಲಿ ಮಾಮೂಲಿ ದಿನ ಒಂದು ಗಂಟೆ ಸಾಕು. ಆ ದಿನ ಊರೊಳಗೆ ಕಾರು ತರೋದು ಬೇಡ. ತಂದರೆ ಬರುವಾಗಲೂ ಕಷ್ಟ, ಹೋಗುವಾಗಲಂತೂ ಮಧ್ಯರಾತ್ರಿ. ಬೆಳಗ್ಗೆ ಎಂಟಕ್ಕೆಲ್ಲ ಬಂದು ನಿಮ್ಮ ಬಡಾವಣೆಯಲ್ಲಿ ಕಾರು ನಿಲ್ಲಿಸಿ, ಮತ್ತೆ ಮುಟ್ಟಬಾರದು. ಇಲ್ಲಾಂದರೆ ಬಸ್ಸಿಗೆ ಬರಲಿ, ಎಷ್ಟು ಬೇಕಾದರೂ ಬಸ್ಸಿದೆ. ರೈಲು ನೋಡಬೇಡಿ. ದಾವಣಗೆರೆಯಿಂದ ಚಿಕ್ಕಜಾಜೂರಿಗೆ ಹೋಗಿ ಅಲ್ಲಿಂದ ದುರ್ಗದ ಲೈನ್ ಹಿಡಿಯಬೇಕು. ಕೈಯಿಂದ ಮೂಗು ಮುಟ್ಟೋಕೆ ತಲೆ ಸುತ್ತಿ ಬಂದ ಹಾಗೆ.

ಇನ್ನೊಂದು, ಸುಮ್ನೆ ಹೇಳುತ್ತೇನೆ, ದುರ್ಗದವರು ಕೋಪ ಮಾಡಿಕೊಳ್ಳಬೇಡಿ. ಮೇಡಂಗೆ ಜನ ಸೇರೋದು ಅಂದರೆ ಏನು ಅಂತ ನೋಡಬೇಕಿದ್ದರೆ ನಮ್ಮ ದುಗ್ಗಮ್ಮನ ಜಾತ್ರೆಗೂ ಬರಬೇಕು. ಎರಡು ವರ್ಷಕ್ಕೊಂದು ಸಲ, 2022ರಲ್ಲಿ ಆಯಿತು, 2024ರಲ್ಲಿ ಆಯಿತು, ಮಾರ್ಚ್ ತಿಂಗಳು. ಮನೆ ಮನೆಗೂ ನೆಂಟರು, ಮನೆ ಮುಂದೆ ಶಾಮಿಯಾನ, ಮಟನ್ ಊಟ, ಕುಸ್ತಿ. ಅಲ್ಲಿ ನಿಂತು ನೋಡೋದು ಕಡಿಮೆ, ಕೂತು ಉಣ್ಣೋದು ಜಾಸ್ತಿ. ನಿಮ್ಮ ಅತ್ತೆಯವರ ಮಂಡಿಗೆ ಅದೇ ಒಳ್ಳೇದು.

ಕಾಮನಬಾವಿ_ಕಡೆಯವ:

ಬಂದ್ರಪ್ಪ ದಾವಣಗೆರೆಯವರು. ಯಾವ ವಿಷಯ ಎತ್ತಿದರೂ ಊಟಕ್ಕೆ ತಂದು ನಿಲ್ಲಿಸೋದು ನಿಮ್ಮೂರಿನ ಹುಟ್ಟುಗುಣ. ಜಾತ್ರೆ ಲೆಕ್ಕಕ್ಕೆ ಬಂದರೆ ನಮ್ಮ ಜಿಲ್ಲೆಯಲ್ಲೇ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ತೇರು ಇದೆ. ಮುಕ್ತಿ ಬಾವುಟ ಲಕ್ಷಗಟ್ಟಲೆಗೆ ಹರಾಜು ಹೋಗುತ್ತದೆ, ಒಣಕೊಬ್ಬರಿ ರಾಶಿ ಹಾಕಿ ಸುಡುತ್ತಾರೆ. ಮೇಡಂ, ಫಾಲ್ಗುಣದಲ್ಲಿ ಅಲ್ಲಿಗೆ ಒಂದ್ಸಲ ಹೋಗಿ ಬನ್ನಿ, ಆಮೇಲೆ ನೀವೇ ಹೇಳಿ.

ಬಾಡಿಗೆಮನೆ_ಜೆಸಿಆರ್:

ಇಷ್ಟು ಜನ ಇಷ್ಟು ವಿವರವಾಗಿ ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಸಂಜೆಯೇ ಅತ್ತೆಯನ್ನ ಕರೆದುಕೊಂಡು ಪೆಂಡಾಲ್‌ಗೆ ಹೋಗಿ ಬಂದೆವು. ಕುರ್ಚಿ ಕೊಟ್ಟು ಕೂರಿಸಿದರು. ಅವರಿಗೆ ಎಷ್ಟು ಖುಷಿ ಆಯಿತು ಅಂದರೆ, ಈಗ ಯಾತ್ರೆಗೂ ಬರುತ್ತೇನೆ ಅಂತಿದ್ದಾರೆ! ದರ್ಶನ ಮಾಡಿಸಿದರೆ ಸಮಾಧಾನ ಆಗುತ್ತದೆ ಅಂತ ನೀವೆಲ್ಲ ಹೇಳಿದ್ದಿರಿ, ಇಲ್ಲಿ ಉಲ್ಟಾ ಆಗಿದೆ. ಬಿಪಿ ಇಲ್ಲ, ಮಂಡಿನೋವು ಒಂದೇ. ಒಂದು ಗಂಟೆ ಕೂತು ನೋಡುವ ಹಾಗೆ ಏನಾದರೂ ದಾರಿ ಇದೆಯಾ? ಮತ್ತೆ ಬಾತ್‌ರೂಮ್ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಗಂಡಸರೇ ಜಾಸ್ತಿ ಇದ್ದೀರಿ ಅನ್ನಿಸುತ್ತದೆ.

ರಾತ್ರಿಪಾಳಿ_ಸಿಸ್ಟರ್:

ಹೌದು, ನಾನಾದರೂ ಹೇಳಬೇಕಿತ್ತು. ರಸ್ತೆ ಬದಿಯ ಸಾರ್ವಜನಿಕ ಶೌಚಾಲಯ ಇದೆ ಅಂತ ನಂಬಿಕೊಂಡು ಹೋಗಬೇಡಿ. ಮಧ್ಯಾಹ್ನದ ಹೊತ್ತಿಗೆ ಒಳಗೆ ಕಾಲಿಡೋಕಾಗಲ್ಲ. ಬಿ.ಡಿ. ರಸ್ತೆಯಲ್ಲಿ ಹೋಟೆಲ್‌ಗಳಿವೆ. ಹನ್ನೊಂದಕ್ಕೆ ಮುಂಚೆ ಒಂದರಲ್ಲಿ ಕೂತು ತಿಂಡಿ ತಿನ್ನಿ, ಅಲ್ಲೇ ಎಲ್ಲರೂ ಮುಗಿಸಿಕೊಳ್ಳಿ. ಆಮೇಲೆ ಕೆಲವು ಕಡೆ ಶಟರ್ ಅರ್ಧ ಎಳೆದುಬಿಡುತ್ತಾರೆ. ಹಾಗಂತ ಮಕ್ಕಳಿಗೆ ನೀರು ಕೊಡದೆ ಇರಬೇಡಿ. ಸೆಪ್ಟೆಂಬರ್ ಬಿಸಿಲು ಕಡಿಮೆ ಅನ್ನಿಸಿದರೂ ಟಾರು ರಸ್ತೆ ಮೇಲೆ ನಿಂತಾಗ ಗೊತ್ತಾಗುತ್ತದೆ. ಈ ತಿಂಗಳು ನಮ್ಮಲ್ಲಿ ಮಳೆ ಬಂದರೆ ಸಂಜೆ ಹೊತ್ತಿಗೇ ಜಾಸ್ತಿ. ಛತ್ರಿ ಬೇಡ, ಗುಂಪಲ್ಲಿ ಬೇರೆಯವರ ಕಣ್ಣಿಗೆ ಚುಚ್ಚುತ್ತದೆ. ಟೋಪಿ, ತೆಳು ರೇನ್‌ಕೋಟ್ ಇಟ್ಟುಕೊಳ್ಳಿ. ಕುತ್ತಿಗೆಯಲ್ಲಿ ಬಂಗಾರ ಬೇಡ ಅಂತ ನಿಮಗೆ ಹೇಳಬೇಕಾಗಿಲ್ಲ, ಅತ್ತೆಯವರಿಗೆ ಹೇಳಿ.

ಸಂತೆಪೇಟೆ_ಅಂಗಡಿ:

ನಾನು ಈ ಸೈಟಲ್ಲಿ ಓದೋದೇ ಜಾಸ್ತಿ, ಬರೆಯೋದು ಕಡಿಮೆ. ಊಟದ ಬಗ್ಗೆ ಚಿಂತೆ ಬೇಡಮ್ಮ. ದಾರಿಯುದ್ದಕ್ಕೂ ಪಲಾವ್, ಮೊಸರನ್ನ, ಮಜ್ಜಿಗೆ, ಪಾನಕ ಹಂಚುತ್ತಿರುತ್ತಾರೆ, ಅಂಗಡಿಯವರು, ಸಂಘದವರು, ಎಲ್ಲರೂ. ದೊಡ್ಡವರು ತಿನ್ನಿ, ಚಿಕ್ಕ ಮಗುವಿಗೆ ಮನೆಯಿಂದಲೇ ಏನಾದರೂ ತನ್ನಿ. ಮಂಡಕ್ಕಿ, ಬಾಳೆಹಣ್ಣು ಸಾಕು.

ಮಾಳಿಗೆ ಹತ್ತೋ ವಿಷಯ ಹೇಳಬೇಕು. ಹೊಸಬರು "ಅಣ್ಣಾ, ಮೇಲೆ ಹೋಗಲಾ" ಅಂತ ಕೇಳುತ್ತಾರೆ. ನಮ್ಮ ಪೇಟೆ ಕಡೆ ಕಟ್ಟಡಗಳು ಹಳೇವು. ಸಜ್ಜಾ ಮೇಲೆ, ಶೀಟ್ ಮೇಲೆ ಹತ್ತು ಜನ ನಿಂತರೆ ತಡೆಯಲ್ಲ. ಕರೆಂಟ್ ವಯರ್ ಕೈಗೆಟುಕುವ ಹಾಗೆ ಹೋಗಿರುತ್ತದೆ, ಬಾವುಟದ ಕೋಲು ಬೇರೆ. ಯಾರು ಕರೆದರೂ ಮಕ್ಕಳನ್ನ ಅಂಥ ಕಡೆ ಹತ್ತಿಸಬೇಡಿ. ಆರ್‌ಸಿಸಿ ಟೆರೇಸು, ಎದೆಮಟ್ಟ ಗೋಡೆ ಇದ್ದರೆ ಮಾತ್ರ. ಕೆಳಗೆ ನಿಂತರೂ ಚರಂಡಿ ಕಲ್ಲಿನ ಮೇಲೆ ನಿಲ್ಲಬೇಡಿ. ಎಷ್ಟೋ ಕಡೆ ಅಲ್ಲಾಡುತ್ತದೆ, ಗುಂಪು ಹಿಂದಕ್ಕೆ ಒತ್ತಿದಾಗ ಕಾಲು ಒಳಗೆ ಹೋಗುತ್ತದೆ.

ಒತ್ತೋದು ಅಂದ ಮೇಲೆ ಇದನ್ನೂ ಹೇಳುತ್ತೇನೆ. ಗುಂಪು ನೂಕಿದಾಗ ಎದುರು ನೂಕಬೇಡಿ. ಗುಂಪು ಹೋದ ಕಡೆ ಹೋಗುತ್ತಾ ಓರೆಯಾಗಿ ಪಕ್ಕಕ್ಕೆ ಸರಿದುಕೊಳ್ಳಿ, ಕೈ ಎದೆ ಮುಂದೆ ಇರಲಿ. ಚಪ್ಪಲಿ ಬಿದ್ದರೆ ಬಗ್ಗಬೇಡಿ, ಬಿಟ್ಟುಬಿಡಿ. ಮಾರನೇ ದಿನ ಬೆಳಗ್ಗೆ ಅಂಗಡಿ ಮುಂದೆ ಗುಡಿಸುವಾಗ ನಮಗೆ ಎರಡು ಚೀಲ ಒಂಟಿ ಚಪ್ಪಲಿ ಸಿಗುತ್ತವೆ. ಹಾಗಾಗಿ ಎಲ್ಲರೂ ಬೆಲ್ಟ್ ಇರುವ ಚಪ್ಪಲಿಯೋ ಶೂವೋ ಹಾಕಿಕೊಂಡು ಬನ್ನಿ.

ಕ್ಯಾಪ್ಟನ್_ಮೆದೇಹಳ್ಳಿ:

ಸಂತೆಪೇಟೆ ಅಣ್ಣ ಹೇಳಿದ್ದು ಕರೆಕ್ಟ್. ಆ ದಿನ ಮದ್ಯದಂಗಡಿ ಬಂದ್ ಮಾಡಿಸಿರುತ್ತಾರೆ, ಆದರೂ ಹಿಂದಿನ ದಿನವೇ ತಂದಿಟ್ಟುಕೊಂಡವರು ಇರುತ್ತಾರೆ. ಕತ್ತಲಾದ ಮೇಲೆ ಡಿಜೆ ಗಾಡಿ ಹತ್ತಿರ ಫ್ಯಾಮಿಲಿ ಬೇಡ. ಇದನ್ನ ನಾನೇ ಹೇಳುತ್ತಿದ್ದೇನೆ ನೋಡಿ, ಡೋಲು ಅಣ್ಣ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಲಿ.

ಚಂದ್ರವಳ್ಳಿ_ವಾಕಿಂಗ್:

ಎಲ್ಲರೂ ಹೊರಡೋದರ ಬಗ್ಗೆ ಹೇಳಿದ್ದೀರಿ. ಕೊನೆ ನೋಡಬೇಕು ಅಂತ ಮನೆಯವರಿಗೋ ಮೈದುನನಿಗೋ ಆಸೆ ಇದ್ದರೆ ಕೇಳಿ. ವಿಸರ್ಜನೆ ಚಂದ್ರವಳ್ಳಿ ಕಡೆ. ಅಷ್ಟು ಹೊತ್ತಿಗೆ ರಾತ್ರಿ ಎಷ್ಟಾಗಿರುತ್ತದೋ ಹೇಳೋಕಾಗಲ್ಲ. ನೀರಿನ ಹತ್ತಿರ ಬ್ಯಾರಿಕೇಡ್ ಹಾಕಿರುತ್ತಾರೆ, ಕ್ರೇನ್ ತಂದಿರುತ್ತಾರೆ, ಹತ್ತಿರ ಬಿಡಲ್ಲ. ಬಿಡದಿರೋದೇ ಒಳ್ಳೇದು. ದೂರದಿಂದ ನೋಡಿದರೆ ಬೆಟ್ಟಗಳ ಮಧ್ಯೆ ಜೈಕಾರ ಕೇಳೋದಕ್ಕೆ ಒಂಥರಾ ಚೆನ್ನಾಗಿರುತ್ತದೆ, ಆದರೆ ವಾಪಸ್ ನಡೆದೇ ಬರಬೇಕು. ಆಟೋ ಸಿಗಲ್ಲ. ಸಿಕ್ಕರೂ ಬಾಯಿಗೆ ಬಂದ ರೇಟು.

ಮಕ್ಕಳಿಗೆ ಆ ಜಾಗ ತೋರಿಸೋಕೆ ಇನ್ನೊಂದು ಭಾನುವಾರ ಬೆಳಗ್ಗೆ ಬನ್ನಿ. ಚಿತ್ರದುರ್ಗ ಬೆಟ್ಟ, ಚೋಳಗುಡ್ಡ, ಕಿರುಬನಕಲ್ಲು, ಈ ಮೂರರ ನಡುವಿನ ಕಣಿವೆ ಅದು. ಕೆರೆ ಇದೆ, ಅಂಕಲಿ ಮಠದ ಗುಹೆ ಇದೆ, ಕದಂಬರ ಮಯೂರಶರ್ಮನ ಶಾಸನ ಇದೆ. 1947ರಲ್ಲಿ ಮಾರ್ಟಿಮರ್ ವೀಲರ್ ಬಂದು ಇಲ್ಲಿ ಉತ್ಖನನ ಮಾಡಿಸಿದರು. ಎಂಟು ವರ್ಷದ ಮಗಳಿಗೆ ಗುಹೆಯಂತೂ ಇಷ್ಟ ಆಗೇ ಆಗುತ್ತದೆ. ಟಾರ್ಚ್ ತನ್ನಿ. ಯಾತ್ರೆ ಆದ ಮರುದಿನ ಮಾತ್ರ ಬರಬೇಡಿ. ಹೂವು, ಪ್ಲಾಸ್ಟಿಕ್ ತಟ್ಟೆ, ನೀರಿನ ಪಾಕೆಟ್ ನೋಡಿ ಬೇಜಾರಾಗುತ್ತದೆ. ಬೆಳಗ್ಗೆ ವಾಕಿಂಗ್ ಬರುವ ನಾವೇ ಒಂದಷ್ಟು ಜನ ಚೀಲ ಹಿಡಿದು ಆರಿಸುತ್ತೇವೆ. ಯಾರಾದರೂ ಕೈಜೋಡಿಸೋರಿದ್ದರೆ ಭಾನುವಾರ ಆರೂವರೆಗೆ ಬನ್ನಿ, ಗ್ಲೌಸ್ ನಾವೇ ಕೊಡುತ್ತೇವೆ. ಕ್ಯಾಪ್ಟನ್, ನಿಮ್ಮ ಹುಡುಗರನ್ನೂ ಸೇರಿಸಿ ಹೇಳುತ್ತಿದ್ದೇನೆ.

ಕ್ಯಾಪ್ಟನ್_ಮೆದೇಹಳ್ಳಿ:

ಆರೂವರೆ ಕಷ್ಟ ಸಾರ್, ಮಲಗೋದೇ ನಾಲ್ಕಕ್ಕೆ. ಎಂಟಕ್ಕೆ ಬರುತ್ತೇವೆ, ಐದಾರು ಜನ.

ಬೆಣ್ಣೆದೋಸೆ_ದಾವಣಗೆರೆ:

ಎಂಟಕ್ಕೆ ಅಂದರೆ ಹತ್ತಕ್ಕೆ ಅಂತ ಬರೆದುಕೊಳ್ಳಿ.

ಸಂತೆಪೇಟೆ_ಅಂಗಡಿ:

ಬಾಡಿಗೆಮನೆ ಅಮ್ಮ, ನಿಮ್ಮ ಅತ್ತೆಯವರ ವಿಷಯ ಮನೆಯಲ್ಲಿ ಹೇಳಿದೆ. ನನ್ನ ತಂಗಿ ಮನೆ ಬಿ.ಡಿ. ರಸ್ತೆಗೆ ಸೇರುವ ಅಡ್ಡರಸ್ತೆಯಲ್ಲಿ ಎರಡನೇ ಮನೆ. ಮುಂದೆ ಜಗಲಿ ಇದೆ, ಬಾತ್‌ರೂಮ್ ಇದೆ, ನಮ್ಮ ಮನೆ ಹೆಂಗಸರೆಲ್ಲ ಅಲ್ಲೇ ಕೂತು ನೋಡೋದು. ಅವರೂ ಕರೆಯಿರಿ ಅಂದರು. ಮೆಸೇಜ್ ಹಾಕಿ, ವಿಳಾಸ ಕಳಿಸುತ್ತೇನೆ. ಹನ್ನೊಂದರೊಳಗೆ ಬನ್ನಿ, ಆಮೇಲೆ ರಸ್ತೆ ದಾಟೋಕಾಗಲ್ಲ. ಮೈದುನನಿಗೆ ಮಾತ್ರ ಜಗಲಿ ಮೇಲೆ ಜಾಗ ಇಲ್ಲ, ಗಂಡಸರು ರಸ್ತೆಯಲ್ಲಿ.